ಹೂಮಳೆಯ ಲೆಕ್ಕ

ಕಾಫಿ ಸೀಮೆಯಲ್ಲಿ ಹುಟ್ಟಿ ಪರದೇಶದಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ, ಮಾರ್ಚ್ ಮತ್ತು ಏಪ್ರಿಲ್ ತಿಂಗಳ ದೂರವಾಣಿ ಮಾತು ಒಂದೇ ಪ್ರಶ್ನೆಯಿಂದ ಆರಂಭವಾಗುತ್ತದೆ: ಮಳೆ ಬಂತೇ? ಆರೋಗ್ಯ, ಮಕ್ಕಳ ಓದು, ನೆಂಟರಿಷ್ಟರ ಸುದ್ದಿ ಎಲ್ಲವೂ ಆಮೇಲೆ. ಮೂಡಿಗೆರೆ, ಸಕಲೇಶಪುರ, ಕೊಡಗಿನ ಬೆಟ್ಟದ ಹಳ್ಳಿಗಳಲ್ಲಿ ಇಡೀ ವರ್ಷದ ಬದುಕು ಆ ದಿನಗಳಲ್ಲಿ ಬೀಳಬೇಕಾದ ಒಂದೆರಡು ಹದಮಳೆಗಳ ಮೇಲೆ ನಿಂತಿದೆ ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಸುಲಭವಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಧೋ ಎಂದು ಸುರಿಯುವ ನಾಡಿನವರಿಗೆ ಒಂದು ಇಂಚು ಮಳೆಗಾಗಿ ಇಷ್ಟೇಕೆ ಕಾತರ ಎಂದು ಅವರು ಕೇಳುತ್ತಾರೆ.

ಈ ಕಾತರಕ್ಕೆ ಕಾರಣ ಗಿಡದ ಸ್ವಭಾವದಲ್ಲಿಯೇ ಇದೆ. ಚಳಿಗಾಲ ಕಳೆಯುವ ಹೊತ್ತಿಗೆ ಬಲಿತ ಕಾಫಿಯ ಮೊಗ್ಗುಗಳು ಒಣಹವೆಯಲ್ಲಿ ನಿದ್ರಿಸುತ್ತಿರುತ್ತವೆ. ಬೇಸಿಗೆಯ ಆರಂಭದಲ್ಲಿ ಒಂದರಿಂದ ಒಂದೂವರೆ ಇಂಚು ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಇದೇ ಹೂಮಳೆ. ಅದಾದ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ, ಬೆಳೆಗಾರರ ಮಾತಿನಲ್ಲಿ ಬ್ಯಾಕಿಂಗ್ ಮಳೆ, ಬಂದರೆ ಕಾಯಿ ನಿಲ್ಲುತ್ತದೆ. ಮೊದಲ ಮಳೆ ಅರೆಬರೆಯಾದರೆ ಮೊಗ್ಗು ಪೂರ್ತಿ ಬಿರಿಯದೆ ಸುಟ್ಟಂತಾಗುತ್ತದೆ. ಹೂವರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಬೇರೆ ಗಿಡದ ಪರಾಗವನ್ನೇ ನಂಬಿರುವ ರೊಬಸ್ಟಾಕ್ಕೆ ಈ ಹೊಡೆತ ಇನ್ನೂ ಹೆಚ್ಚು. ಬೆಟ್ಟದ ಬೇಸಾಯದಲ್ಲಿ ಮಳೆ ಎಷ್ಟು ಎಂಬುದಕ್ಕಿಂತ ಮಳೆ ಎಂದು ಎಂಬುದೇ ದೊಡ್ಡ ಪ್ರಶ್ನೆ.

ನಮ್ಮ ಮನೆಯಂಗಳದಲ್ಲಿ, ಆ ಸೀಮೆಯ ಬಹುತೇಕ ತೋಟದ ಮನೆಗಳಲ್ಲಿರುವಂತೆ, ಒಂದು ಮಳೆಮಾಪಕವಿದೆ. ಪ್ರತಿದಿನ ಬೆಳಿಗ್ಗೆ ಅದರ ನೀರನ್ನು ಅಳೆದು ಇಂಚು ಸೆಂಟುಗಳಲ್ಲಿ ದಿನಚರಿಗೆ ಬರೆಯುವುದು ಅಪ್ಪಯ್ಯನವರ ವ್ರತ. ಕಳೆದ ಬಾರಿ ಊರಿಗೆ ಹೋದಾಗ ನಾವು ಒಡಹುಟ್ಟಿದವರು ಆ ಹಳೆಯ ಪುಸ್ತಕಗಳನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ಕುಳಿತೆವು. ನಮ್ಮ ಬಾಲ್ಯದ ಪುಸ್ತಕಗಳಲ್ಲಿ ಜನವರಿಯ ಪುಟಗಳು ಬಹುಮಟ್ಟಿಗೆ ಖಾಲಿ. ಅಂಕಣಗಳು ತುಂಬುತ್ತಿದ್ದುದು ಜೂನ್ ತಿಂಗಳಲ್ಲಿ. ಇತ್ತೀಚಿನವುಗಳಲ್ಲಿ ಜನವರಿಗೂ ಅಂಕಿಗಳು ಬಂದಿವೆ, ಜೂನ್ ತಿಂಗಳಲ್ಲಿ ಬಿಡುವುಗಳಿವೆ, ಆಗಸ್ಟ್‌ನ ಕೆಲವು ದಿನಗಳು ಒಂದು ವಾರದ ಮಳೆಯನ್ನು ಒಂದೇ ಸಾಲಿನಲ್ಲಿ ಹೊತ್ತಿವೆ. ವರ್ಷದ ಮೊತ್ತವನ್ನಷ್ಟೇ ನೋಡುವವರಿಗೆ ಇದಾವುದೂ ಕಾಣದು. ಷರಾ ಬರೆಯುವ ಅಂಚಿನಲ್ಲಿ ಹಿಂದೆ ‘ಹೂಮಳೆ ಆಯಿತು’ ಎಂಬ ಎರಡೇ ಪದಗಳಿದ್ದವು. ಈಗ ಅಲ್ಲಿ ‘ಕಣದ ಕಾಫಿ ನೆನೆಯಿತು’, ‘ಕುಯ್ಲು ನಿಂತಿತು’, ‘ಕೆರೆಯಲ್ಲಿ ನೀರು ಸಾಲದು’ ಎಂಬ ಮಾತುಗಳು.

ಈ ಒಂದೊಂದು ಷರಾದ ಹಿಂದೆಯೂ ಒಂದೊಂದು ನಷ್ಟವಿದೆ. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೆ. ರೊಬಸ್ಟಾ ಅದರ ಬೆನ್ನಿಗೆ ಬರುತ್ತದೆ. ಆಗ ಮಳೆ ಬಂದರೆ ಕಣದಲ್ಲಿ ಹರಡಿದ ಹಣ್ಣು ಬೂಸಲು ಹಿಡಿದು ಗುಣ ಕೆಡುತ್ತದೆ. ಅದೇ ಮಳೆಗೆ ಗಿಡ ಅಕಾಲದಲ್ಲಿ ಹೂ ಬಿಡುತ್ತದೆ. ಒಂದೇ ರೆಂಬೆಯಲ್ಲಿ ಈ ವರ್ಷದ ಹಣ್ಣೂ ಬರುವ ವರ್ಷದ ಹೂವೂ ಇರುವಾಗ, ಹಣ್ಣು ಕೊಯ್ಯುವ ಕೈಯೇ ಹೂವನ್ನು ಉದುರಿಸಬೇಕಾಗುತ್ತದೆ. ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಇದೆಯಲ್ಲ ಎನ್ನುವವರಿದ್ದಾರೆ. ಆದರೆ ಅದಕ್ಕೆ ಕೆರೆ ಬೇಕು, ಪಂಪು ಬೇಕು, ಡೀಸೆಲ್‌ಗೆ ಹಣ ಬೇಕು. ಭಾರತದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಹತ್ತು ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ಎರಡು ಮೂರು ಎಕರೆಯವರು ಆಕಾಶವನ್ನಲ್ಲದೆ ಬೇರೇನನ್ನು ನಂಬಿಯಾರು?

ಮಳೆಗಾಲದ ಕತೆ ಇನ್ನೊಂದು. ತೆರವಿಲ್ಲದ ಮಳೆಯಲ್ಲಿ ಕೊಳೆರೋಗ ಹರಡಿ ಎಳೆಗಾಯಿ ಉದುರುತ್ತದೆ, ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ತುತ್ತಾಗಿ ಕೆಲವೇ ದಿನಗಳಲ್ಲಿ ಒಣಗುತ್ತದೆ. ಕಾಫಿ ಕೈಕೊಟ್ಟ ವರ್ಷ ಮೆಣಸು ಕಾಯುತ್ತದೆ ಎಂಬ ಹಿರಿಯರ ಭರವಸೆಯೂ ಹೀಗೆ ಸಡಿಲವಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು; ಮರುವರ್ಷ ಮೂಡಿಗೆರೆಯ ಬೆಟ್ಟಸಾಲಿನ ಸರದಿ; 2024ರ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್ಮಲ ಊರುಗಳು ಮಣ್ಣಿನಡಿ ಸೇರಿದವು. ಇಳಿಜಾರನ್ನು ಕಡಿದ ರಸ್ತೆಗಳು, ಕಟ್ಟಡಗಳು, ಮರ ಕಳೆದುಕೊಂಡ ನೆಲ ಇವೆಲ್ಲಕ್ಕೂ ಈ ದುರಂತಗಳಲ್ಲಿ ಪಾಲಿರಬಹುದು. ಆದರೆ ಅಂತಹ ದುರ್ಬಲ ನೆಲದ ಮೇಲೆ ದಿನಗಳ ಮಳೆ ಗಂಟೆಗಳಲ್ಲಿ ಸುರಿದಾಗ ಉಳಿಯುವುದು ಏನು? ಒಂದು ಬೆಳೆ ಹೋದರೆ ಮುಂದಿನ ವರ್ಷವಿದೆ. ಮೇಲ್ಮಣ್ಣು ಹೋದರೆ ಒಂದು ತಲೆಮಾರು ಸಾಲದು.

ಈ ನಷ್ಟದ ಲೆಕ್ಕದಲ್ಲಿ ತೋಟದ ಒಡೆಯರ ಹೆಸರು ಮೊದಲು ಬರುತ್ತದೆ. ಮೊದಲು ಪೆಟ್ಟು ತಿನ್ನುವವರು ಮಾತ್ರ ಲೈನ್ ಮನೆಗಳಲ್ಲಿರುವವರು. ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದ್ದು. ಮಳೆ ಬಂದ ದಿನ ಕಿಲೋ ಇಲ್ಲ, ಕೂಲಿಯೂ ಇಲ್ಲ. ಅಸ್ಸಾಮಿನಿಂದಲೋ ಬಯಲುಸೀಮೆಯಿಂದಲೋ ಎರಡು ಮೂರು ತಿಂಗಳ ದುಡಿಮೆಗೆಂದು ಬಂದವರು, ಖಾಲಿ ಕೂತ ದಿನಗಳ ಅನ್ನವನ್ನು ತಾವು ಇನ್ನೂ ಗಳಿಸದ ಹಣದಿಂದ ಉಣ್ಣುತ್ತಾರೆ.

2024ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ನಾವಿರುವ ಊರಿನ ಗೆಳೆಯರು, ನಿಮ್ಮವರಿಗೆ ಸುಗ್ಗಿಯಲ್ಲವೇ ಎಂದರು. ವಿಯೆಟ್ನಾಮ್ ಮತ್ತು ಬ್ರೆಜಿಲ್ ದೇಶಗಳ ರೈತರು ಒಣಹವೆಗೆ ಬೆಂದುದು ಆ ಏರಿಕೆಯ ಒಂದು ಮುಖ್ಯ ಕಾರಣ. ಒಂದು ಬೆಟ್ಟದ ಬವಣೆ ಇನ್ನೊಂದು ಬೆಟ್ಟಕ್ಕೆ ಬೆಲೆಯಾಗಿ ಬಂದಾಗ ಅದನ್ನು ಸುಗ್ಗಿ ಎನ್ನಲು ನಮಗೆ ನಾಲಗೆ ಏಳಲಿಲ್ಲ. ಆ ಬೆಲೆಯನ್ನು ನೆಚ್ಚಿ ಸೂಕ್ಷ್ಮ ಸ್ವಭಾವದ ಅರೇಬಿಕಾವನ್ನು ಕಿತ್ತು ರೊಬಸ್ಟಾ ಹಾಕಿದವರು, ಬೆಳಕು ಸಾಲದೆಂದು ನೆರಳಿನ ಮರಗಳನ್ನು ಇಳಿಸಿದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಅವರನ್ನು ದೂರುವಂತಿಲ್ಲ, ಸಾಲದ ಕಂತು ಮಳೆಯಂತೆ ಕಾಲ ತಪ್ಪಿ ಬರುವುದಿಲ್ಲ.

ನಮ್ಮ ತೋಟಕ್ಕೂ ಕೇಳಿಕೆ ಬಂದಿದೆ. ಬೆಟ್ಟದ ನೋಟವುಳ್ಳ ಜಾಗಕ್ಕೆ ಈಗ ಬೆಳೆಗಿಂತ ಹೆಚ್ಚಿನ ಬೆಲೆ. ಕೇಳುವವರಿಗೆ ಬೇಕಾದದ್ದು ರೆಸಾರ್ಟಿಗೆ ಸಮತಟ್ಟು ಮಾಡಬಹುದಾದ ನೆಲ. ಅಪ್ಪಯ್ಯನವರಿಗೆ ಎಪ್ಪತ್ತು ದಾಟಿದೆ, ನಮ್ಮಲ್ಲಿ ಯಾರೂ ಮರಳಿ ಹೋಗುವ ಮಾತಾಡಿಲ್ಲ. ಪುಸ್ತಕಗಳನ್ನು ಹರಡಿಕೊಂಡು ಕುಳಿತ ಆ ಸಂಜೆ ಈ ಮಾತೂ ಬಂತು. ಕೊನೆಗೆ, ಇನ್ನು ಐದು ವರ್ಷ ಮಾರುವುದಿಲ್ಲವೆಂದು ನಿಶ್ಚಯಿಸಿದೆವು. ಹಳೆಯ ಕಾಡುಮರಗಳನ್ನು ಮರಗಸಿಯಷ್ಟೇ ಮಾಡಿ ಉಳಿಸುವುದು. ಕಣದ ಪಕ್ಕದಲ್ಲಿ ಮಳೆಗೆ ಅಂಜದ ಒಣಗಿಸುವ ಚಪ್ಪರ ಕಟ್ಟುವುದು. ಕುಯ್ಲಿನ ಕಾಲದಲ್ಲಿ ಮಳೆ ಬಿದ್ದ ದಿನಗಳಿಗೂ ಅರ್ಧ ಕೂಲಿ ಕೊಡುವುದು, ಅದಕ್ಕೆ ಇಲ್ಲಿನ ನಮ್ಮ ಸಂಬಳದಿಂದ ಪಾಲು ಹಾಕುವುದು. ಇದರಿಂದ ಹವಾಮಾನ ಸರಿಹೋಗುವುದಿಲ್ಲವೆಂದು ಬಲ್ಲೆವು. ತಲೆಯ ಮೇಲೆ ಸಂಬಳದ ಸೂರಿರುವ ನಾವು ಮಾಡಬಹುದಾದ ಈ ಕೆಲಸವನ್ನು ತೋಟವನ್ನೇ ನಂಬಿದ ನೆರೆಯವರಿಂದ ನಿರೀಕ್ಷಿಸುವುದು ನ್ಯಾಯವಲ್ಲವೆಂಬುದನ್ನೂ ಬಲ್ಲೆವು.

ಈ ಬಳಗದಲ್ಲಿ ಊರಿನ ಪಹಣಿಯಲ್ಲಿ ಹೆಸರು ಉಳಿಸಿಕೊಂಡವರು ಅನೇಕರಿದ್ದೀರಿ. ಅಡಿಕೆಯವರಿಗೆ ಎಲೆಚುಕ್ಕೆಯ ಚಿಂತೆ, ಗದ್ದೆಯವರಿಗೆ ಪಾಳುಬಿದ್ದ ನೆಲದ ಚಿಂತೆ. ಮಾರುವ ಅಥವಾ ಉಳಿಸಿಕೊಳ್ಳುವ ಮಾತು ಬಂದಾಗ ಬೆಲೆಯ ಪಟ್ಟಿಯ ಜೊತೆಗೆ ಮನೆಯ ಹಿರಿಯರ ಮಳೆಯ ಲೆಕ್ಕವನ್ನೂ ಒಮ್ಮೆ ತೆರೆದು ನೋಡಿ. ನಮ್ಮ ಅಪ್ಪಯ್ಯನವರು ಮುಂದಿನ ವರ್ಷದ ದಿನಚರಿಯನ್ನು ಈಗಾಗಲೇ ತರಿಸಿಟ್ಟಿದ್ದಾರೆ. ಈ ಸಲ ಷರಾದ ಅಂಕಣವನ್ನು ಸ್ವಲ್ಪ ಅಗಲವಾಗಿ ಗೀಟು ಹಾಕಿಕೊಂಡಿದ್ದಾರೆ.