ಹಿಂದಕ್ಕೆ ಜಾರುವವನು

2001ರ ಜೂನ್ 9. ಹೊರಗೆ ಡೆನ್ವರ್‌ನ ಬೇಸಿಗೆ. ಪೆಪ್ಸಿ ಸೆಂಟರ್ ಒಳಗೆ ಮಂಜುಗಡ್ಡೆಯ ಕುಳಿರು ನಿಮ್ಮ ಮೊಣಕಾಲಿಗೆ ಇಳಿಯುತ್ತಿದೆ. ಐಸ್ ಹಾಕಿಯ ಸ್ಟಾನ್ಲಿ ಕಪ್ ಫೈನಲ್‌ನ ಏಳನೇ ಪಂದ್ಯ, ಇದೇ ಕೊನೆಯದು. ಕೊಲರಾಡೊ ಅವಲಾಂಚ್ 3, ನ್ಯೂಜೆರ್ಸಿ ಡೆವಿಲ್ಸ್ 1. ಮೂರನೇ, ಕೊನೆಯ ಅವಧಿ ನಡೆಯುತ್ತಿದೆ.

ಪಕ್‌ನ ಹಿಂದೆ ಕಣ್ಣು ಓಡಿಸಬೇಡಿ. ಹೆಚ್ಚೆಂದರೆ 170 ಗ್ರಾಮಿನ ಆ ಕರಿ ರಬ್ಬರ್ ಬಿಲ್ಲೆ ಹೇಗೂ ತಪ್ಪಿಸಿಕೊಳ್ಳುತ್ತದೆ. ಅವಲಾಂಚ್ ಪರ ರಕ್ಷಣೆಗೆ ನಿಂತ 77ನೇ ನಂಬರಿನವನನ್ನು ನೋಡಿ: ರೇ ಬೋರ್ಕ್, ಮಾಂಟ್ರಿಯಲ್ ಕಡೆಯವನು, ನಲವತ್ತು ವಯಸ್ಸು. ಎದುರಾಳಿ ಪೂರ್ತಿ ವೇಗದಲ್ಲಿ ನುಗ್ಗಿದರೆ ಇವನು ಅದೇ ವೇಗದಲ್ಲಿ ಹಿಮ್ಮುಖವಾಗಿ ಜಾರುತ್ತಾನೆ. ಕೋಲು ಮುಂದೆ, ದೃಷ್ಟಿ ಬಂದವನ ಎದೆಯ ಮೇಲೆ. ಪುಂಡ ಹೋರಿಯನ್ನು ಕೊಟ್ಟಿಗೆಯ ಮೂಲೆಗೆ ಒತ್ತುವ ಹಾಗೆ ಅವನನ್ನು ಗೋಡೆಯ ಕಡೆಗೆ ಸರಿಸುತ್ತಾನೆ. ಧಡ್! ಗಾಜು ಅದುರುತ್ತದೆ. ಅಷ್ಟರಲ್ಲಿ ಪಕ್ ಜೊತೆಗಾರನ ಕೋಲಿಗೆ ಸೇರಿಯಾಗಿದೆ. ಒಂದು ನಿಮಿಷವೂ ಆಗಿರುವುದಿಲ್ಲ, ಏದುಸಿರು ಬಿಡುತ್ತಾ ಬೆಂಚಿಗೆ ಮರಳುತ್ತಾನೆ.

ಹೀಗೆ ಕಾಯುತ್ತಲೇ 410 ಗೋಲು ಹೊಡೆದವನು ಇವನು. ಉತ್ತರ ಅಮೆರಿಕದ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಬೇರಾವ ಡಿಫೆನ್ಸ್‌ಮನ್‌ ಕೂಡ ಅಷ್ಟು ಹೊಡೆದಿಲ್ಲ. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಐದು ಸಲ ಬಂದಿದೆ. ಕಪ್ ಮಾತ್ರ ಇಲ್ಲ. ಬಾಸ್ಟನ್ ಬ್ರೂಯಿನ್ಸ್‌ನಲ್ಲಿ ಇಪ್ಪತ್ತು ವರ್ಷ ಆಡಿ 1988, 1990ರ ಫೈನಲ್‌ಗಳಲ್ಲಿ ಎಡ್ಮಂಟನ್‌ಗೆ ಸೋತ. ಬೆನ್ನ ಮೇಲಿನ ಸಂಖ್ಯೆಗೂ ಬಾಸ್ಟನ್ನಿನದೇ ಕಥೆ. ಮೊದಲು ಅದು 7. ಒಂದು ಕಾಲಕ್ಕೆ ಅದೇ ತಂಡದ ಫಿಲ್ ಎಸ್ಪೊಸಿಟೊ ತೊಟ್ಟ ನಂಬರು. 1987ರ ಡಿಸೆಂಬರಿನಲ್ಲಿ ಎಸ್ಪೊಸಿಟೊ ಸನ್ಮಾನದ ರಾತ್ರಿ ಬೋರ್ಕ್ ಅವನೆದುರು ಹೋಗಿ ಅಂಗಿ ಕಳಚಿದ. ಒಳಗಿನ ಅಂಗಿಯ ಮೇಲೆ 77. ಏಳನ್ನು ಹಿರಿಯನಿಗೇ ಒಪ್ಪಿಸಿದ. ಮುಂದೆ ತಂಡ ಕುಸಿಯಿತು, 2000ದ ಮಾರ್ಚಿನಲ್ಲಿ ಕಪ್ಪಿನಾಸೆಗೆ ಇಲ್ಲಿಗೆ, ಕೊಲರಾಡೊಗೆ ಬಂದ.

ಹಾರ್ನ್! ಪಂದ್ಯ ಮುಗಿಯಿತು. ಕೈಗವಸು, ಹೆಲ್ಮೆಟ್ಟುಗಳು ಗಾಳಿಯಲ್ಲಿ. ಕಿವಿ ಮುಚ್ಚಿಕೊಳ್ಳಿ. ಕಪ್ಪನ್ನು ಮೊದಲು ನಾಯಕ ಎತ್ತುವುದು ರೂಢಿ. ಕೊಲರಾಡೊ ನಾಯಕ ಜೋ ಸಾಕಿಕ್ ಅದನ್ನು ಇಸಿದುಕೊಳ್ಳುತ್ತಾನೆ, ಆದರೆ ಎತ್ತುವುದಿಲ್ಲ; ತಿರುಗಿ ನೇರ ಬೋರ್ಕ್‌ನ ಕೈಗೆ ಇಡುತ್ತಾನೆ. ಲೀಗ್ ಪಂದ್ಯಗಳೇ 1,612 ಆಡಿದ ಮೇಲೆ ಹದಿನೈದು ಕಿಲೋಗೂ ಮೀರಿದ ಆ ಬೆಳ್ಳಿ ತಲೆಯ ಮೇಲೇರುತ್ತದೆ. ಪಕ್ಕದ ಸೀಟಿನ ಅಪರಿಚಿತ ನಿಮ್ಮನ್ನು ತಬ್ಬಿಕೊಂಡಿದ್ದಾನೆ.

ಕೆಲವೇ ದಿನಗಳಲ್ಲಿ ಬೋರ್ಕ್ ಕಪ್ಪನ್ನು ಬಾಸ್ಟನ್ನಿನ ಸಿಟಿ ಹಾಲ್ ಚೌಕಕ್ಕೆ ಒಯ್ದ. 1972ರಿಂದ ಕಪ್ ಕಾಣದಿದ್ದ ಆ ಊರಿನವರು ಸಾವಿರಗಟ್ಟಲೆ ನೆರೆದು, ಡೆನ್ವರ್ ಗೆದ್ದದ್ದಕ್ಕೆ ಗಂಟಲು ಹರಿಯುವಷ್ಟು ಕೂಗಿದರು.