ಇದು ಎಷ್ಟನೇದ್ರೀ, ಡಾಕ್ಟ್ರೇ?

ಅವತ್ತಿನ ಪ್ರೆಸ್‌ಮೀಟ್‌ನಲ್ಲಿ ಉಪ್ಪಿಟ್ಟು ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕೆಂದರೆ ನಾವು ಅವತ್ತು ಹೆಚ್ಚು ಗಮನ ಕೊಟ್ಟಿದ್ದು ಅದಕ್ಕೇ.

ಎರಡು ವರ್ಷದ ಹಿಂದಿನ ಮಾತು. ನಗರದ ಖಾಸಗಿ ಆಸ್ಪತ್ರೆಯೊಂದು ಹೊಸ ವಿಭಾಗ ಶುರು ಮಾಡಿತ್ತು. ನಮ್ಮಂಥ ಸ್ಟ್ರಿಂಗರ್‌ಗಳನ್ನೆಲ್ಲ ಕರೆದಿದ್ದರು. ರೋಗಿಗೆ ಶಾಲು, ಡಾಕ್ಟರಿಗೆ ಹೂಗುಚ್ಛ, ನಮಗೆ ಪೆನ್ನು, ಪ್ಯಾಡು. "ಕ್ಲಿಷ್ಟ ಅಯೋರ್ಟಾ ಶಸ್ತ್ರಚಿಕಿತ್ಸೆ ಯಶಸ್ವಿ, ಈ ಭಾಗದಲ್ಲೇ ಮೊದಲು" ಅಂತ ಹನ್ನೆರಡು ಸಾಲು ಕಳಿಸಿದೆವು. ಮರುದಿನ ಬಂತು. ಎರಡನೆಯ ರೋಗಿ ಯಾರು, ಮೂರನೆಯವರು ಏನಾದರು ಅಂತ ಆಮೇಲೆ ಒಂದು ಫೋನೂ ಮಾಡಲಿಲ್ಲ. ಮೊದಲನೆಯದು ಸುದ್ದಿ, ಮೂರನೆಯದು ಸುದ್ದಿಯಲ್ಲ ಅಂತ ಡಿಪ್ಲೊಮಾದಲ್ಲಿ ಯಾರೂ ಕಲಿಸಿರಲಿಲ್ಲ, ಆದರೂ ಕಲಿತುಬಿಟ್ಟಿದ್ದೆವು.

ಈ ವರ್ಷ ಯುಗಾದಿ ಮುಗಿದ ವಾರದಲ್ಲಿ ದೊಡ್ಡಪ್ಪನಿಗೆ ಬೆನ್ನು, ಹೊಟ್ಟೆ ನೋವು. ಕಿಡ್ನಿ ಕಲ್ಲಿರಬೇಕು ಅಂತ ಸ್ಕ್ಯಾನಿಂಗ್ ಮಾಡಿಸಿದೆವು. ಕಲ್ಲು ಇರಲಿಲ್ಲ. ಎದೆಯಿಂದ ಹೊಟ್ಟೆಗೆ ಇಳಿದು ಬರುವ ದೊಡ್ಡ ರಕ್ತನಾಳ, ಅದೇ ಅಯೋರ್ಟಾ, ಉಬ್ಬಿಕೊಂಡಿತ್ತು. ಹೊಟ್ಟೆಯ ಹತ್ತಿರ ಅದರ ಅಗಲ ಸುಮಾರು 2 ಸೆಂಟಿಮೀಟರ್ ಇರಬೇಕು. ಗಂಡಸರಲ್ಲಿ 5.5 ದಾಟಿದರೆ ಆಪರೇಷನ್ ಯೋಚನೆ ಮಾಡುತ್ತಾರೆ. ದೊಡ್ಡಪ್ಪನದು 6 ದಾಟಿತ್ತು. ನಲವತ್ತು ವರ್ಷ ಬೀಡಿ ಸೇದಿದ ಮನುಷ್ಯ. ಈ ಕಾಯಿಲೆಗೆ ಬೀಡಿ, ಸಿಗರೇಟಿನಷ್ಟು ದೊಡ್ಡ ಗೆಳೆಯ ಬೇರೆ ಇಲ್ಲ. ಒಡೆದರೆ ಎಷ್ಟೋ ಜನ ಆಸ್ಪತ್ರೆ ಬಾಗಿಲಿಗೂ ಮುಟ್ಟುವುದಿಲ್ಲ.

ಮನೆಯಲ್ಲಿ ಎಲ್ಲರೂ ಕುಳಿತು ಮಾತಾಡುವಾಗ ದೊಡ್ಡಪ್ಪನ ಮಗ ಮೊಬೈಲ್ ತೆಗೆದ. ನಮ್ಮದೇ ಹನ್ನೆರಡು ಸಾಲು, ವಾಟ್ಸಾಪ್‌ನಲ್ಲಿ ಊರೆಲ್ಲ ತಿರುಗಿ ಬಂದಿತ್ತು.

"ನೀನೇ ಪೇಪರ್‌ನ್ಯಾಗ ಬರದಿದ್ದಲ್ಲೋ ತಮ್ಮಾ. ಮತ್ತ ಬೆಂಗಳೂರಿಗೆ ಯಾಕ? ಇಲ್ಲೇ ಮಾಡಸೂಣು," ಅಂದರು ದೊಡ್ಡಪ್ಪ.

ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಊರವರಿಗೆ ಬರೆದದ್ದನ್ನು ನಮ್ಮ ಮನೆಯವರೇ ನಂಬಿದಾಗ ಹೆದರಿಕೆಯಾಯಿತು ಅಂದರೆ, ಊರವರ ಬಗ್ಗೆ ನಮಗೆ ಇದ್ದದ್ದು ಎಂಥ ಕಾಳಜಿ?

ಫೋನ್ ಹಿಡಿದು ಓದುತ್ತ ಕುಳಿತೆವು. ಈ ಆಪರೇಷನ್‌ಗೆ ದಾರಿ ಮಾಡಿದವರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಮೈಕಲ್ ಡಿಬೇಕಿ ಒಬ್ಬರು. 1950ರ ದಶಕದಲ್ಲಿ ಅಂಗಡಿಯಲ್ಲಿ ನೈಲಾನ್ ಸಿಗದೆ ಡೆಕ್ರಾನ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ರಕ್ತನಾಳದ ಕೊಳವೆ ಹೊಲಿದರಂತೆ. ಮುಂದೆ 97ನೇ ವಯಸ್ಸಿನಲ್ಲಿ ಅವರದೇ ಅಯೋರ್ಟಾ ಸೀಳಿ, 2006ರಲ್ಲಿ ಅವರು ಕಲಿಸಿದ ಪದ್ಧತಿಯಲ್ಲೇ ಅವರಿಗೆ ಆಪರೇಷನ್ ಆಯಿತು, ಬದುಕಿದರು. ಇಂಥ ಕಥೆ ನಮಗೆ ಬಹಳ ಇಷ್ಟ. ಆದರೆ ಅದೇ ಹ್ಯೂಸ್ಟನ್‌ನ ಇನ್ನೊಬ್ಬ ಪಳಗಿದ ಕೈ ಸ್ಟ್ಯಾನ್ಲಿ ಕ್ರಾಫರ್ಡ್. ಎದೆ ಮತ್ತು ಹೊಟ್ಟೆ ಎರಡನ್ನೂ ಸೇರಿಸಿ ಮಾಡುವ ಅತಿ ಕಷ್ಟದ ರಿಪೇರಿ ಅವರದು. ಅವರ 1,509 ರೋಗಿಗಳ ಲೆಕ್ಕ 1993ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 8 ಜನ ಮೂವತ್ತು ದಿನದೊಳಗೆ ತೀರಿಕೊಂಡಿದ್ದರು. 16 ಜನರಿಗೆ ಕಾಲಿನ ಶಕ್ತಿ ಹೋಗಿತ್ತು, ಇಲ್ಲವೇ ಕುಂದಿತ್ತು. ಮೂವತ್ತು ವರ್ಷ ಮಾಡಿದ ಕೈಯಲ್ಲೇ ಇಷ್ಟು. ಅದನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದರು. ಈಗ ಫಲಿತಾಂಶ ಸುಧಾರಿಸಿದೆ, ಸುಧಾರಿಸಿದ್ದೇ ಹಾಗೆ ಎಣಿಸಿದ್ದರಿಂದ.

ಎಣಿಸದ ಕಡೆ ಏನಾಯಿತು ಅನ್ನುವುದೂ ಸಿಕ್ಕಿತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಸುಗೂಸುಗಳ ಹೃದಯದ ಆಪರೇಷನ್ ನಡೆಯುತ್ತಿತ್ತು. ಅಯೋರ್ಟಾ ಒಂದು ಕಡೆ, ಶ್ವಾಸಕೋಶದ ನಾಳ ಇನ್ನೊಂದು ಕಡೆ ಅದಲುಬದಲಾಗಿ ಹುಟ್ಟಿದ ಮಕ್ಕಳಿಗೆ ಅವನ್ನು ಕತ್ತರಿಸಿ ಸರಿಯಾಗಿ ಜೋಡಿಸುವ ಆಪರೇಷನ್ ಕೂಡ ಅದರಲ್ಲಿತ್ತು. ಸಾವು ಹೆಚ್ಚಾಗುತ್ತಿದೆ ಅಂತ ಅರಿವಳಿಕೆ ಡಾಕ್ಟರ್ ಸ್ಟೀಫನ್ ಬಾಲ್ಸಿನ್ ತಾವೇ ಲೆಕ್ಕ ಇಟ್ಟು ಹೇಳಿದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಬಾಲ್ಸಿನ್ ಆಸ್ಟ್ರೇಲಿಯಾಕ್ಕೆ ಹೋದರು. 2001ರಲ್ಲಿ ಬಂದ ವಿಚಾರಣಾ ವರದಿ ಹೇಳಿತು: 1991ರಿಂದ 1995ರವರೆಗೆ, ಬೇರೆ ಕಡೆಗೆ ಹೋಲಿಸಿದರೆ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಹೆಚ್ಚಿಗೆ ಸತ್ತವು. ಕೈ ಪಳಗುವ ತನಕ ಹೀಗೇ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡವರು ಅಲ್ಲಿದ್ದರು. ಆದರೆ ಕೈ ಪಳಗಿದೆಯೋ ಇಲ್ಲವೋ ಅಂತ ಹೊರಗಿನವರು ಯಾರೂ ನೋಡುತ್ತಿರಲಿಲ್ಲ.

ಅದೇ ಕಾಲಕ್ಕೆ ಲಂಡನ್ನಿನಲ್ಲಿ ಮಾರ್ಕ್ ಡಿ ಲೆವಾಲ್ ಅನ್ನುವ ಸರ್ಜನ್ ಅದೇ ಆಪರೇಷನ್ ಮಾಡುತ್ತಿದ್ದರು. ಬಹಳ ಮಕ್ಕಳಿಗೆ ಚೆನ್ನಾಗಿ ಆದ ಮೇಲೆ ಸಾವುಗಳು ಬೆನ್ನುಬೆನ್ನಿಗೆ ಬಂದವು. ಅವರು ತಮ್ಮ ಲೆಕ್ಕವನ್ನು ತಾವೇ ಬಿಡಿಸಿ ನೋಡಿ, ಹೆಚ್ಚು ಯಶಸ್ಸು ಇದ್ದ ಇನ್ನೊಬ್ಬರ ಹತ್ತಿರ ಹೋಗಿ ಮತ್ತೆ ಕಲಿತು ಬಂದರು. 1994ರಲ್ಲಿ ಹೆಸರು ಹಾಕಿ ಬರೆದರು.

ಮೂರನೇ ದಿನ ದೊಡ್ಡಪ್ಪನನ್ನು ಕರೆದುಕೊಂಡು ಆ ಆಸ್ಪತ್ರೆಗೆ ಹೋದೆವು. ಹೂಗುಚ್ಛ ತೆಗೆದುಕೊಂಡಿದ್ದ ಅದೇ ಡಾಕ್ಟರು. ಸ್ಕ್ಯಾನ್ ನೋಡಿ ಸುಮ್ಮನಾದರು. ಉಬ್ಬು ಕಿಡ್ನಿ, ಕರುಳಿಗೆ ಹೋಗುವ ಕವಲುಗಳನ್ನೂ ಸೇರಿಸಿಕೊಂಡಿತ್ತು.

ದೊಡ್ಡಪ್ಪನಿಗೆ ಅವರು ತಿಳಿಸಿದ ರೀತಿ ನಮಗೆ ಮರೆಯುವುದಿಲ್ಲ. "ಯಜಮಾನ್ರೇ, ನಿಮ್ಮ ಹೊಲಕ್ಕ ಕಾಲುವಿ ನೀರು ಬರತದಲ್ಲ. ದೊಡ್ಡ ಕಾಲುವಿ ಒಡದ್ರ ಮ್ಯಾಲೆ ಗೇಟ್ ಬಂದ್ ಮಾಡಿ ರಿಪೇರಿ ಮಾಡಬೇಕು. ಅಲ್ಲೀತನಕ ಕೆಳಗಿನ ಪ್ರತಿ ತೂಬಿನ ಹೊಲಾನೂ ಒಣಗತದ. ಹೊಲಾ ದಿನಾ ತಾಳತದ. ಕಿಡ್ನಿ, ಬೆನ್ನುಹುರಿ ನಿಮಿಷದ ಲೆಕ್ಕ."

ಆಗ ನಾವು ಕೇಳಿದೆವು. ಎರಡು ವರ್ಷ ತಡವಾಗಿ. "ಇದು ಎಷ್ಟನೇದ್ರೀ, ಡಾಕ್ಟ್ರೇ?"

ಅವರು ಸಿಟ್ಟಾಗಲಿಲ್ಲ. "ಕವಲು ಸೇರಿದ್ದು ನಾಕು ಮಾಡೀವಿ. ಒಬ್ರು ಉಳೀಲಿಲ್ಲ." ಸ್ವಲ್ಪ ತಡೆದು, "ನೀವು ಬರ್ದಿದ್ದು ಮೊದಲನೇದು. ಅವರು ಆರಾಮದಾರ," ಅಂದರು.

ಆಮೇಲೆ ಅವರೇ ಮಾತು ಬಿಚ್ಚಿದರು. ಕಲಿಯಬೇಕಾದ್ದು ಸರ್ಜನ್ ಕೈ ಒಂದೇ ಅಲ್ಲವಂತೆ. ಬೆನ್ನುಹುರಿಯ ನೀರು ಇಳಿಸುವ ಸಣ್ಣ ನಳಿಕೆಯನ್ನು ಅರಿವಳಿಕೆ ಡಾಕ್ಟರು ನೋಡಿಕೊಳ್ಳಬೇಕು. ರಕ್ತ ತಡವಿಲ್ಲದೆ ಬರಬೇಕು. ರಾತ್ರಿ ಎರಡು ಗಂಟೆಗೆ ಐಸಿಯು ಸಿಸ್ಟರ್ ರೋಗಿಗೆ ಕಾಲು ಆಡಿಸಲು ಹೇಳಬೇಕು, ಆಡದಿದ್ದರೆ ಬೆಳಗಿನ ತನಕ ಕಾಯದೆ ಡಾಕ್ಟರನ್ನು ಎಬ್ಬಿಸಬೇಕು. "ಒಂದು ತಪ್ಪು ನಮ್ಮದು ಅಲ್ಲೇ ಆಗಿತ್ತು," ಅಂದರು. ಯಾರಿಗೆ, ಏನು ಅಂತ ನಾವು ಕೇಳಲಿಲ್ಲ. ಕೇಳಬೇಕಿತ್ತು.

ಕೊನೆಗೆ ಬೆಂಗಳೂರಿಗೆ ಅವರೇ ಚೀಟಿ ಬರೆದುಕೊಟ್ಟರು. "ನಿಮ್ಮ ಕೇಸು ನಮಗ ಇನ್ನೂ ದೊಡ್ಡದು. ಅಲ್ಲಿ ವಾರಾ ವಾರಾ ಮಾಡ್ತಾರ."

ಹೊರಗೆ ಬಂದ ಮೇಲೆ ದೊಡ್ಡಪ್ಪ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, "ಎಲ್ಲಾರೂ ಬೆಂಗಳೂರಿಗೇ ಹೋದ್ರ ಇಂವಾ ಕಲಿಯೂದು ಯಾವಾಗಲೋ?" ಅಂದರು. ಹಾಗೆ ಕೇಳಿದವರು ಬಸ್ ಬಂದಾಗ ಎಲ್ಲರಿಗಿಂತ ಮೊದಲು ಹತ್ತಿದರು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಹತ್ತೊಂಬತ್ತು ದಿನ ನಾವು ಆಸ್ಪತ್ರೆ ಎದುರಿನ ಖೋಲಿಯಲ್ಲಿದ್ದೆವು, ಒಂದು ಎಮ್ಮೆ ಮಾರಿದೆವು, ಸುದ್ದಿ ಕಳಿಸದೆ ಆ ತಿಂಗಳ ದುಡ್ಡೂ ಹೋಯಿತು. ನಮ್ಮ ಕಡೆಯೇ ಈ ವಿಭಾಗ ಗಟ್ಟಿಯಾಗಿ ನಿಂತಿದ್ದರೆ ಇವೆಲ್ಲ ಉಳಿಯುತ್ತಿತ್ತು. ಅದಕ್ಕೇ ಆ ಡಾಕ್ಟರು ಕಲಿಯಬೇಕು ಅಂತ ನಮಗೂ ಅನಿಸುತ್ತದೆ. ದೊಡ್ಡಪ್ಪನ ಮೇಲೆ ಬೇಡ ಅಂತಲೂ ಅನಿಸಿತು. ಎರಡೂ ನಿಜ. ಐದನೆಯವರ ಮನೆಯಲ್ಲಿ ಸ್ಟ್ರಿಂಗರ್ ಇಲ್ಲದಿದ್ದರೆ ಆ ಪ್ರಶ್ನೆ ಕೇಳುವವರು ಯಾರು?

ಊರಿಗೆ ಬಂದು ಇದನ್ನೆಲ್ಲ ಸುದ್ದಿ ಮಾಡಿ ಕಳಿಸಿದೆವು, ಡಾಕ್ಟರ ಒಪ್ಪಿಗೆ ಪಡೆದು, ನಾಲ್ಕರಲ್ಲಿ ಒಬ್ಬರು ಉಳಿಯಲಿಲ್ಲ ಅನ್ನುವ ಸಾಲೂ ಸೇರಿಸಿ. ಡೆಸ್ಕ್‌ನವರು ಜಾಗ ಇಲ್ಲ ಅಂದು ಆ ಸಾಲೊಂದನ್ನೇ ತೆಗೆದರು. ಹೀಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಕಳೆದ ವಾರ ಡಾಕ್ಟರಿಗೆ ಫೋನ್ ಮಾಡಿದ್ದೆವು. ಐದನೆಯದು ಆಗಿದೆ. ಹೈದರಾಬಾದಿನಿಂದ ಪಳಗಿದ ಸರ್ಜನ್ ಒಬ್ಬರನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದರಂತೆ. "ಕಾಲು ಆಡಸ್ತಾರ. ಈಗs ಬರೀಬ್ಯಾಡ್ರಿ. ಮೂರು ತಿಂಗಳ ಬಿಟ್ಟು ಫೋನ್ ಮಾಡ್ರಿ," ಅಂದರು.

ಮೊಬೈಲ್‌ನಲ್ಲಿ ತಾರೀಕು ಹಾಕಿಟ್ಟಿದ್ದೇವೆ.