ಏಳದ ಗಣಕಯಂತ್ರ

ಮನೆಯಲ್ಲೇ ಜೋಡಿಸಿದ ಗಣಕಯಂತ್ರ ಏಳದಿದ್ದರೆ ಎಲ್ಲರೂ ಮೊದಲು ಸಂದೇಹಿಸುವುದು ಬೆಲೆಬಾಳುವ ಭಾಗವನ್ನೇ. ನನ್ನ ಸೋದರಳಿಯನೂ ಹಾಗೆಯೇ ಮಾಡಿದನು. ಮನೆಪಾಠ ಹೇಳಿ ಎರಡು ವರ್ಷ ಕೂಡಿಟ್ಟ ಹಣದಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ್ದನು. ಗುಂಡಿ ಒತ್ತಿದರೆ ಫ್ಯಾನು ಅರೆಕ್ಷಣ ತಿರುಗಿ ನಿಂತುಬಿಡುತ್ತಿತ್ತು. "ಮಾವ, ಮದರ್‌ಬೋರ್ಡೇ ಹೋಗಿದೆ. ಇನ್ನೊಂದಕ್ಕೆ ದುಡ್ಡಿಲ್ಲ" ಎನ್ನುವಾಗ ಅವನ ಸ್ವರ ಕುಗ್ಗಿತ್ತು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಪ್ರಯೋಗಶಾಲೆಯ ಕ್ರಮ. ಅದನ್ನೇ ಅನುಸರಿಸೋಣವೆಂದೆ. ಪ್ಲಗ್ ಕಿತ್ತು, ಬೋರ್ಡಿಗೆ ಹೋಗುವ 24 ಪಿನ್ನಿನ ತಂತಿಯನ್ನೂ ಪ್ರೊಸೆಸರಿಗೆ ಪ್ರತ್ಯೇಕವಾಗಿ 12 ವೋಲ್ಟ್ ಒಯ್ಯುವ 8 ಪಿನ್ನಿನ ತಂತಿಯನ್ನೂ ಬಿಗಿಯಾಗಿ ಕೂರಿಸಿದೆವು. ಬಳಿಕ ಡಿಸ್ಕನ್ನು ಬಿಡಿಸಿದೆವು. ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ತೆಗೆದೆವು. ಫಲ ಅದೇ. ಉಳಿದದ್ದು ಪೆಟ್ಟಿಗೆ, ಅದನ್ನು ಯಾರೂ ಒಂದು ಭಾಗವೆಂದು ಎಣಿಸುವುದಿಲ್ಲ. ಬೋರ್ಡನ್ನು ಹೊರತೆಗೆದು ರಟ್ಟಿನ ಮೇಲಿಟ್ಟು, ಗುಂಡಿಯ ತಂತಿ ಕೂರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಮ್ಮೆ ಕೂಡಿಸಿದಾಗ ಪರದೆ ಬೆಳಗಿತು!

ಬೋರ್ಡಿನಲ್ಲಿ ಎಂಟು ರಂಧ್ರಗಳು. ಪೆಟ್ಟಿಗೆಯಲ್ಲಿ ಒಂಬತ್ತು ಹಿತ್ತಾಳೆಯ ಗೂಟಗಳು. ಹೆಚ್ಚಿನ ಗೂಟವು ಬೋರ್ಡಿನ ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತಿತ್ತು. ಹಾನಿಯಾಗದಿರಲೆಂದು ಪವರ್ ಸಪ್ಲೈ ತಾನಾಗಿ ನಿಲ್ಲುತ್ತಿತ್ತು. ಗೂಟವನ್ನು ಬಿಚ್ಚಿದೆವು, ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಕ್ರಮ ಹೊಸದಲ್ಲ. ಉತ್ತರ ತಪ್ಪಿದ ಲೆಕ್ಕವನ್ನು ಹರಿದೆಸೆಯದೆ, ಮೇಲಿನ ಸಾಲಿನಿಂದ ಒಂದೊಂದಾಗಿ ನೋಡಿಕೊಂಡು ಬರುತ್ತಿದ್ದೆವಲ್ಲವೇ? ಹುಡುಗ ಈಗ ತನ್ನ ಗೆಳೆಯರ ಯಂತ್ರಗಳನ್ನು ನೋಡಲು ಹೋಗುತ್ತಾನೆ. ಮೊದಲು ಗೂಟಗಳನ್ನು ಎಣಿಸುತ್ತಾನಂತೆ.